ಅಗಸೆ ಎಣ್ಣೆಯೂ ಒಂದು ಕೆಂಪು ಪೇಟವೂ

ಚಿತ್ರಕಲೆ ಕಲಿಯುತ್ತಿರುವ ಓದುಗರೊಬ್ಬರ ಪ್ರಶ್ನೆ: ‘ಯಾನ್ ವಾನ್ ಐಕ್‌ನ ಕೆಂಪು ಪೇಟದ ಮನುಷ್ಯನ ಚಿತ್ರ ಆರುನೂರು ವರ್ಷ ಆಗುತ್ತ ಬಂದರೂ ಹೊಳಪು ಕಳೆದುಕೊಂಡಿಲ್ಲ. ಆ ಎಣ್ಣೆಯ ಸೂತ್ರ ಯಾರಿಗೂ ಗೊತ್ತಿಲ್ಲವಂತೆ, ನಿಜವೇ?’

ಗೊತ್ತಿದೆ. ಅದು ಅಗಸೆ ಎಣ್ಣೆ. ಎಣ್ಣೆಬಣ್ಣವನ್ನು ಕಂಡುಹಿಡಿದವನೇ ವಾನ್ ಐಕ್ ಎಂಬ ಕಥೆ ಹಬ್ಬಿಸಿದವನು ಇಟಲಿಯ ಚಿತ್ರಕಾರ, ಲೇಖಕ ವಸಾರಿ, 1550ರಲ್ಲಿ. ಅದಕ್ಕೂ ನಾಲ್ಕು ಶತಮಾನ ಮೊದಲೇ ಥಿಯೋಫಿಲಸ್ ಎಂಬ ಸನ್ಯಾಸಿ ಅಗಸೆ ಎಣ್ಣೆಯಲ್ಲಿ ಬಣ್ಣ ಅರೆಯುವ ಕ್ರಮ ಬರೆದಿಟ್ಟು, ಒಂದು ಪದರ ಒಣಗುವ ತನಕ ಕಾಯುವುದು ಬೇಸರದ ಕೆಲಸವೆಂದು ಗೊಣಗಿದ್ದ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಂತೂ ಏಳನೆಯ ಶತಮಾನದ ಸುಮಾರಿನ ಎಣ್ಣೆಬಣ್ಣವೇ ಸಿಕ್ಕಿದೆ.

ವಾನ್ ಐಕ್‌ನ ಹೆಚ್ಚುಗಾರಿಕೆ ಆ ಬೇಸರದ ಕೆಲಸದಲ್ಲೇ ಇದೆ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ಬೆಳಕು ಆ ಪೊರೆಯನ್ನು ತೂರಿಹೋಗುತ್ತದೆ.

ಕೆಂಪು ಗಾಜಿನ ಬಳೆಯೊಂದನ್ನು ಬಿಳಿ ಕಾಗದದ ಮೇಲಿಡಿ, ತಿಳಿಗೆಂಪು. ಅದರ ಮೇಲೆ ಇನ್ನೊಂದು, ಮತ್ತೊಂದು ಪೇರಿಸಿ. ಕೆಂಪು ಗಾಢವಾಗುತ್ತದೆ, ಆದರೆ ಸಾಯುವುದಿಲ್ಲ. ಬೆಳಕು ಬಳೆಗಳನ್ನು ದಾಟಿ, ಕಾಗದಕ್ಕೆ ತಾಗಿ, ಮತ್ತೆ ಅವನ್ನೇ ದಾಟಿ ಕಣ್ಣಿಗೆ ಬರುತ್ತದೆ. ವಾನ್ ಐಕ್‌ನಂಥ ಫ್ಲೆಮಿಶ್ (ಇಂದಿನ ಬೆಲ್ಜಿಯಂ ಕಡೆಯ) ಕಲಾವಿದರಿಗೆ ಕಾಗದವೆಂದರೆ ಓಕ್ ಹಲಗೆಗೆ ಸೀಮೆಸುಣ್ಣ, ಅಂಟು ಬಳಿದು ನುಣುಪು ಮಾಡಿದ ಬಿಳಿ ನೆಲ. ಬಳೆಗಳೆಂದರೆ ಎಣ್ಣೆಯಲ್ಲಿ ಕಲಸಿದ ತೆಳು ಬಣ್ಣದ ಪದರಗಳು. ನೆರಿಗೆಯ ನೆರಳಿಗೆ ಪದರ ಹೆಚ್ಚು, ಬೆಳಕು ಬಿದ್ದಲ್ಲಿ ಕಡಿಮೆ.

ಚಿತ್ರ ಕೇವಲ 26×19 ಸೆಂ.ಮೀ. ಹಿನ್ನೆಲೆ ಕಪ್ಪು, ಬಟ್ಟೆಯೂ ಹೆಚ್ಚುಕಡಿಮೆ ಅದರಲ್ಲೇ ಕರಗಿದೆ. ಉಳಿದದ್ದು ಪೇಟ, ಮುಖ. ಬಿಗಿದ ತುಟಿ, ಗಲ್ಲದ ಮೇಲೆ ಕುರುಚಲು ಗಡ್ಡ, ಕಣ್ಣಂಚಿನ ಸುಕ್ಕು. ಮೈ ಒಂದು ಕಡೆ ತಿರುಗಿದ್ದರೂ ನೋಟ ನೇರ ನಮ್ಮತ್ತಲೇ. ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ; ಅಳೆದು ನೋಡುವವನ ನೋಟ. ವಾನ್ ಐಕ್ ಕನ್ನಡಿ ಮುಂದೆ ಕೂತು ತನ್ನನ್ನೇ ಬರೆದುಕೊಂಡಿರಬೇಕೆಂದು ಹಲವರು ಊಹಿಸುವುದು ಇದರಿಂದಲೇ. ಕಣ್ಣಿನ ಬಿಳಿಯಲ್ಲಿ ಚಿಟಿಕೆ ನೀಲಿ ಬೆರೆತಿದೆ. ಹಸಿ ಬಣ್ಣದ ಮೇಲೆಯೇ ಇಂಗಳೀಕದ ಕೆಂಪಿನಿಂದ ಕೂದಲೆಳೆಯಂಥ ನರಗಳನ್ನು ಎಳೆದಿದ್ದಾನೆ.

ಇಂಥ ಕಲಾವಿದರು ಕನ್ನಡಿ, ಮಸೂರಗಳಿಂದ ಬಿಂಬ ಬೀಳಿಸಿಕೊಂಡು ತಿದ್ದಿದರು ಎಂದು ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 2001ರಲ್ಲಿ ವಾದಿಸಿ ಸದ್ದು ಮಾಡಿದರು. ನನಗೆ ಒಪ್ಪಿಗೆಯಿಲ್ಲ. ಬಿಂಬದಿಂದ ಗೆರೆ ಸಿಕ್ಕೀತು, ಪದರ ಸಿಗುವುದಿಲ್ಲ.

ಮೂಲ ಚೌಕಟ್ಟಿನ ಮೇಲೆ ವಾನ್ ಐಕ್‌ನೇ ಬರೆದ ತಾರೀಕೂ ಇದೆ: 1433ರ ಅಕ್ಟೋಬರ್ 21. ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವರ ಜಾಲತಾಣದಲ್ಲಿ ಹಿಗ್ಗಿಸಿ ನೋಡಬಹುದು. ಪೇಟ ಆಮೇಲಾಗಲಿ, ಮೊದಲು ನಮ್ಮ ಬಲಕ್ಕಿರುವ ಕಣ್ಣನ್ನು ನೋಡಿ.