ಅರಳಗುಪ್ಪೆಯ ಹೊನೋಜ ಮತ್ತು ಹೆಸರು ಬರೆಯದ ಇನ್ನೊಬ್ಬ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಮಂಟಪವನ್ನು ಹೊಕ್ಕವರು ಗರ್ಭಗುಡಿಯತ್ತ ನಡೆಯುವ ಮುನ್ನ ಒಮ್ಮೆ ತಲೆಯೆತ್ತಿ ನೋಡಬೇಕು. ದೇವಾಲಯದ ಛಾವಣಿಯ ಅಲಂಕೃತ ಭಾಗಕ್ಕೆ ಶಿಲ್ಪಿಗಳ ಪರಿಭಾಷೆಯಲ್ಲಿ ಭುವನೇಶ್ವರಿ ಎಂಬ ಹೆಸರಿದೆ. ಇಲ್ಲಿಯ ಭುವನೇಶ್ವರಿಯ ನಟ್ಟನಡುವೆ ಶಿವನು ವಾದ್ಯಗಾರರ ಜೊತೆಗೂಡಿ ನರ್ತಿಸುತ್ತಿದ್ದು, ಅವನನ್ನು ಬಳಸಿದ ಎಂಟು ಅಂಕಣಗಳಲ್ಲಿ ಅಷ್ಟದಿಕ್ಪಾಲಕರು, ಎಂದರೆ ಆನೆಯೇರಿದ ಇಂದ್ರ, ಕೋಣವೇರಿದ ಯಮ, ಮಕರವೇರಿದ ವರುಣ ಮೊದಲಾದ ದಿಕ್ಕುಗಳ ಒಡೆಯರು, ತಮ್ಮ ತಮ್ಮ ನೆಲೆಗಳಲ್ಲಿ ನಿಂತು ಆ ನೃತ್ಯಕ್ಕೆ ಸಾಕ್ಷಿಯಾಗಿದ್ದಾರೆ. ಗೋಡೆಯ ಶಿಲ್ಪಕ್ಕೆ ಕಾಲೂರಲು ಪೀಠವಿರುತ್ತದೆ. ಛಾವಣಿಯ ಶಿಲ್ಪಕ್ಕೆ ಆ ಆಸರೆಯಿಲ್ಲ. ನೋಡುವವನು ಯಾವ ಮೂಲೆಯಲ್ಲಿ ನಿಂತು ಕತ್ತೆತ್ತಿದರೂ ಕುಣಿತದ ಹದ ಕೆಡದಂತೆ, ಕಲ್ಲಿನ ಭಾರ ನೆನಪಾಗದಂತೆ ಮೈಯನ್ನು ಬಾಗಿಸಿ ಕೆತ್ತುವುದು ಎಷ್ಟು ಕಠಿಣವೆಂಬುದು ಈ ಶಿವನ ಕೆಳಗೆ ಒಂದು ಗಳಿಗೆ ನಿಂತವರಿಗೆ ತಾನಾಗಿ ತಿಳಿಯುತ್ತದೆ. ಮುಂದಿನ ಹೊಯ್ಸಳ ಶಿಲ್ಪಿಗಳು ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಿದರು ನಿಜ, ಆದರೆ ಮಂಡಿಯ ಮಡಿಕೆಯೊಂದರಲ್ಲೇ ತಾಳವನ್ನು ಹಿಡಿದಿಟ್ಟ ಈ ಬಗೆಯ ಕೆಲಸ ಕನ್ನಡ ನಾಡಿನಲ್ಲಿ ಹೆಚ್ಚಿಲ್ಲ.

ಈ ದೇವಾಲಯದ ಕಾಲವನ್ನು ಹೇಳುವುದು ಸುಮಾರು 895ರ ಒಂದು ಶಾಸನ. ನೊಳಂಬ ದೊರೆ ಮಹೇಂದ್ರನ ಸಾಮಂತನೊಬ್ಬನ ಕಾಲದ ಪ್ರತಿಷ್ಠೆಯನ್ನೂ ದಾನವನ್ನೂ ಅದು ದಾಖಲಿಸುತ್ತದೆ. ನೊಳಂಬರು ಇಂದು ಆಂಧ್ರಪ್ರದೇಶದಲ್ಲಿರುವ ಹೇಮಾವತಿಯನ್ನು, ಅಂದಿನ ಹೆಂಜೇರನ್ನು, ರಾಜಧಾನಿಯಾಗಿಸಿಕೊಂಡು ಆಳಿದವರು. ಅವರ ನೆರೆಯವರೂ ಒಮ್ಮೊಮ್ಮೆ ನಂಟರೂ ಬಹುಪಾಲು ಶತ್ರುಗಳೂ ಆಗಿದ್ದ ಗಂಗರ ಶೈಲಿ ಇಲ್ಲಿ ನೊಳಂಬರದರೊಂದಿಗೆ ಎಷ್ಟು ಬೆರೆತಿದೆಯೆಂದರೆ, ವಿದ್ವಾಂಸರು ಎರಡನ್ನೂ ಕೂಡಿಸಿ ಗಂಗ-ನೊಳಂಬ ಶೈಲಿ ಎಂದೇ ಕರೆಯುತ್ತಾರೆ. ಹತ್ತನೆಯ ಶತಮಾನದಲ್ಲಿ ಗಂಗ ದೊರೆ ಎರಡನೆಯ ಮಾರಸಿಂಹನು ‘ನೊಳಂಬಕುಲಾಂತಕ’, ಎಂದರೆ ನೊಳಂಬರ ಕುಲಕ್ಕೇ ಕೊನೆ ತಂದವನು, ಎಂಬ ಬಿರುದನ್ನು ಹೊತ್ತನು. ಬಿರುದು ಹೊತ್ತವನ ವಂಶವೂ ಬಹುಕಾಲ ಉಳಿಯಲಿಲ್ಲ. ಛಾವಣಿಯ ಶಿವ ಮಾತ್ರ ಇಬ್ಬರನ್ನೂ ದಾಟಿ, ಹೊಯ್ಸಳರ ಕಾಲದ ಮಾರ್ಪಾಡುಗಳನ್ನೂ ದಾಟಿ, ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದಾನೆ.

ಅದೇ ಊರಿನಲ್ಲಿ, ಸುಮಾರು ಮೂರೂವರೆ ಶತಮಾನಗಳ ಅನಂತರ, 1250ರ ಆಸುಪಾಸಿನಲ್ಲಿ ಚೆನ್ನಕೇಶವ ದೇವಾಲಯ ಎದ್ದಿತು. ಇದು ಏಕಕೂಟ, ಎಂದರೆ ಒಂದೇ ಗರ್ಭಗುಡಿಯ ಕಟ್ಟಡ. ಅದರ ವಿಮಾನದ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರದ್ದು. ಬಳಪದ ಕಲ್ಲಿನ ಗೋಡೆಯಲ್ಲಿ ಆನೆ, ಕುದುರೆ, ಬಳ್ಳಿ, ಇತಿಹಾಸ-ಪುರಾಣಗಳ ಕಥೆ, ಮಕರ, ಹಂಸಗಳ ಸಾಲುಗಳು ಒಂದರ ಮೇಲೊಂದು ಸಾಗುತ್ತವೆ. ಬೇಲೂರು-ಹಳೇಬೀಡು ಕಂಡವರಿಗೆ ಇದಾವುದೂ ಹೊಸತಲ್ಲ. ಹೊಸತಾಗಿ ಕಾಣುವುದು ಶಿಲ್ಪದ ಅಡಿಯಲ್ಲಿ ಕೊರೆದ ಮೂರು ಅಕ್ಷರ: ಹೊನೋಜ. ಈ ಊರಿನ ಗಣ್ಯರ ಪಟ್ಟಿಯೊಂದನ್ನು ಯಾರಾದರೂ ಬರೆಯುವುದಾದರೆ, ಆ ಶಿಲ್ಪಿ ಯಾವ ಊರಿನಲ್ಲಿ ಹುಟ್ಟಿದನೆಂಬುದನ್ನು ಕೇಳದೆಯೇ, ಮೊದಲ ಹೆಸರಾಗಿ ಬರೆಯಬೇಕಾದುದು ಇದನ್ನೇ.

ಹೆಸರಿನ ಕೊನೆಯ ‘ಓಜ’ ಎಂಬುದು ಸಂಸ್ಕೃತದ ಉಪಾಧ್ಯಾಯ ಶಬ್ದದಿಂದ ಸವೆದು ಬಂದದ್ದು. ಕಲಿಸುವ ಗುರುವಿಗೆ ಸಲ್ಲುತ್ತಿದ್ದ ಈ ಮಾತನ್ನು ಹಳೆಯ ಕನ್ನಡ ನಾಡು ಉಳಿ ಹಿಡಿದವರಿಗೂ ಸಲ್ಲಿಸಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ನುಗ್ಗೇಹಳ್ಳಿಯಲ್ಲಿ ಬೈಚೋಜ, ಅರಳಗುಪ್ಪೆಯಲ್ಲಿ ಹೊನೋಜ, ಹೀಗೆ ಓಜರ ಒಂದು ಬಳಗವೇ ಹೊಯ್ಸಳ ಗೋಡೆಗಳ ಮೇಲಿದೆ. ಓಜನಲ್ಲದ ಮಲ್ಲಿತಮ್ಮನಂತೂ 1196ರ ಅಮೃತಾಪುರದಿಂದ 1268ರ ಸೋಮನಾಥಪುರದವರೆಗೆ ತನ್ನ ಹೆಸರನ್ನು ಕೆಲವೆಡೆ ಇಡಿಯಾಗಿ, ಕೆಲವೆಡೆ ಬರಿಯ ಮೊದಲಕ್ಷರವಾಗಿ ಬಿಟ್ಟುಹೋಗಿದ್ದಾನೆ. ಇವರನ್ನು ಶಾಸನಗಳು ರೂವಾರಿ ಎನ್ನುತ್ತವೆ. ರೂಪವನ್ನು ಮಾಡುವವನು ಎಂಬ ಅರ್ಥದ ಆ ಪದ ಇಂದಿನ ಪತ್ರಿಕೆಗಳಲ್ಲಿ ಯೋಜನೆಗಳ ರೂವಾರಿ, ಗೆಲುವಿನ ರೂವಾರಿ ಎಂದು ದಿನವೂ ಬಳಕೆಯಾಗುತ್ತಿದ್ದರೂ, ಅದನ್ನು ಗಳಿಸಿಕೊಟ್ಟ ಕಲ್ಲುಕುಟಿಗರ ಹೆಸರುಗಳು ಓದುಗರ ನಾಲಗೆಯ ಮೇಲಿಲ್ಲ.

ಅದಕ್ಕೆ ಕಾರಣ, ಹೊಯ್ಸಳ ಶಿಲ್ಪವನ್ನೆಲ್ಲ ಜನರು ಯಾರ ಹೆಸರಿಗೆ ಬರೆದಿದ್ದಾರೋ ಆ ದಂತಕಥೆಯ ಶಿಲ್ಪಿ ಜಕಣಾಚಾರಿ. ತುಮಕೂರಿನ ಬಳಿಯ ಕೈದಾಳವನ್ನು ಹುಟ್ಟೂರೆನ್ನುವ, ಕಪ್ಪೆ ಅಡಗಿದ ಕಲ್ಲನ್ನು ಮಗ ಡಂಕಣ ತೋರಿಸಿಕೊಟ್ಟಾಗ ತಂದೆ ಕೈ ಕಡಿದುಕೊಂಡನೆನ್ನುವ ಆ ಕಥೆ ಸೊಗಸಾದುದೇ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರ ಅದಕ್ಕೆ ಬಣ್ಣವನ್ನೂ ತುಂಬಿತು, ಶಿಲ್ಪಿಗಳಿಗೆ ಸರ್ಕಾರ ಕೊಡುವ ಪ್ರಶಸ್ತಿಯೂ ಅವನ ಹೆಸರಿನದು. ಆದರೆ ಹೊಯ್ಸಳ ಶಿಲ್ಪಗಳ ಮೇಲಿರುವ ಸಹಿಗಳಲ್ಲಿ ಅವನ ಹೆಸರಿಲ್ಲ, ದಕ್ಷಿಣಾಚಾರ್ಯ ಎಂಬ ಸಾಮಾನ್ಯ ನಾಮವೇ ಜನರ ಬಾಯಲ್ಲಿ ಜಕಣಾಚಾರಿಯಾಯಿತೆಂದು ಊಹಿಸಿದ ವಿದ್ವಾಂಸರೂ ಇದ್ದಾರೆ. ಸಹಿ ಹಾಕಿದವನ ಕೆಲಸವನ್ನು ಸಹಿ ಹಾಕದವನ ಖಾತೆಗೆ ಬರೆಯುವುದು ಎಷ್ಟೇ ಭಕ್ತಿಯಿಂದ ನಡೆದರೂ ಅನ್ಯಾಯವೇ.

ಇಂಥ ಆರೋಪಣೆಗೆ ಈ ಸೀಮೆಯಲ್ಲಿ ಇನ್ನೊಂದು ನಿದರ್ಶನವೂ ಉಂಟು. ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ‘ರಾಷ್ಟ್ರಪತಿ’ ಎಂಬ ಪದವನ್ನು ಕೊಟ್ಟರೆಂಬ ಮಾತು ಪ್ರಚಲಿತವಾಗಿದೆ. ಕಾಂಗ್ರೆಸ್ಸಿನ ಅಧ್ಯಕ್ಷರನ್ನು ಆ ಪದದಿಂದ ಕರೆಯುವ ವಾಡಿಕೆ 1930ರ ದಶಕದಲ್ಲೇ ಇದ್ದುದರಿಂದ, ಅವರು ಅದನ್ನು ಹೊಸದಾಗಿ ಸೃಷ್ಟಿಸಿದರೆನ್ನುವುದು ನಿಲ್ಲಲಾರದು. ‘ಭಾರತೀಯ ಕಾವ್ಯಮೀಮಾಂಸೆ’ಯಂಥ ಗ್ರಂಥವನ್ನು ಬರೆದವರಿಗೆ ಇಂಥ ಎರವಲು ಕೀರ್ತಿಯ ಅಗತ್ಯವಿಲ್ಲ.

ಬೆಂಗಳೂರು-ಅರಸೀಕೆರೆ ರೈಲು ಮಾರ್ಗದಲ್ಲಿ ಅರಳಗುಪ್ಪೆ ಎಂಬ ಹೆಸರಿನ ನಿಲ್ದಾಣವೂ ಇದೆ. ದೇವಾಲಯಗಳನ್ನು ನೋಡಲು ಬರುವವರು ಹೊನೋಜನ ಅಕ್ಷರಗಳನ್ನು ಕಂಡ ಬಳಿಕ ಮತ್ತೊಮ್ಮೆ ಕಲ್ಲೇಶ್ವರನ ಮಂಟಪಕ್ಕೆ ಮರಳುವುದು ಒಳ್ಳೆಯದು. ಅಲ್ಲಿಯ ಶಾಸನ ದೊರೆಯನ್ನು ಹೇಳುತ್ತದೆ, ಸಾಮಂತನನ್ನು ಹೇಳುತ್ತದೆ, ದಾನವನ್ನು ಹೇಳುತ್ತದೆ. ಛಾವಣಿಯ ಶಿವನನ್ನು ಕುಣಿಸಿದ ರೂವಾರಿ ಯಾರೆಂಬುದಕ್ಕೆ ಅದರಲ್ಲಿ ಒಂದಕ್ಷರವೂ ಇಲ್ಲ.