ತೇರಿಗೆ ದಾರಿ ಬಿಡುವ ಮಹಾನಗರ

ಟೋಕಿಯೊದ ಅಕಿಹಬಾರಾ ಎಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಪೇಟೆ. ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಕಾಂಡಾ ಮ್ಯೋಜಿನ್ ಎಂಬ ದೇವಾಲಯವಿದೆ. ಕಂಪ್ಯೂಟರು ಕೆಡದಿರಲಿ, ಮಾಹಿತಿ ಸೋರದಿರಲಿ ಎಂದು ಬೇಡಿಕೊಳ್ಳುವವರಿಗೆ ಅಲ್ಲಿ ಐಟಿ ತಾಯತವೇ ಸಿಗುತ್ತದೆ. ಟೋಕಿಯೊ ಇನ್ನೂ ಎಡೊ ಆಗಿದ್ದ ಕಾಲದಲ್ಲಿ ಈ ದೇವರ ಉತ್ಸವಕ್ಕೆ ಕೇರಿಕೇರಿಯಿಂದ ಎತ್ತರದ ತೇರುಗಳು ಹೊರಡುತ್ತಿದ್ದವು. ಮೇಜಿ ಯುಗದಲ್ಲಿ ಬೀದಿಗಳ ಮೇಲೆ ವಿದ್ಯುತ್ ತಂತಿ ಬಂತು, ಟ್ರಾಮ್ ತಂತಿ ಬಂತು. ತೇರುಗಳು ಅವುಗಳ ಕೆಳಗೆ ನುಸುಳಲಾರದೆ ಹೋದವು. ಕೆಲವು ಸುತ್ತಲಿನ ಊರುಗಳಿಗೆ ಮಾರಾಟವಾದವು. ಉಳಿದವುಗಳಲ್ಲಿ ಬಹಳಷ್ಟು 1923ರ ಭೂಕಂಪದ ಬೆಂಕಿಗೆ, ಆಮೇಲೆ ಯುದ್ಧದ ಬೆಂಕಿಗೆ ತುತ್ತಾದವು. ಇವತ್ತು ಕಾಂಡಾ ಉತ್ಸವದಲ್ಲಿ ಜನ ನೋಡಲು ಮುಗಿಬೀಳುವುದು ಹೆಗಲ ಮೇಲೆ ಹೊರುವ ಮಿಕೊಶಿ ಪಲ್ಲಕ್ಕಿಗಳನ್ನು. ತಂತಿ ಗೆದ್ದ ಊರು ಟೋಕಿಯೊ.

ಅಲ್ಲಿಂದ ಶಿಂಕಾನ್ಸೆನ್ ರೈಲು ಹತ್ತಿದರೆ ಸುಮಾರು ಎರಡೂಕಾಲು ಗಂಟೆಯಲ್ಲಿ ಕ್ಯೋಟೊ. ಇದೂ ಆಧುನಿಕ ನಗರವೇ. ಸುರಂಗ ರೈಲು, ಬಹುಮಹಡಿ ಮಳಿಗೆಗಳು, ಬ್ಯಾಂಕುಗಳ ಸಾಲು ಎಲ್ಲವೂ ಇವೆ. ಆದರೆ ಇಲ್ಲಿನ ಮುಖ್ಯ ಪೇಟೆಬೀದಿ ಶಿಜೋದಲ್ಲಿ ಸಿಗ್ನಲ್ ದೀಪಗಳ ತೋಳನ್ನು ಪಕ್ಕಕ್ಕೆ ಮಡಚಿಡಲು ಬರುವಂತೆ ಕಂಬಕ್ಕೆ ಜೋಡಿಸಿದ್ದಾರೆ. ಪ್ರತಿ ಜುಲೈಯಲ್ಲಿ ಅವನ್ನು ತಿರುಗಿಸಿ ಬದಿಗೆ ಸರಿಸುತ್ತಾರೆ. ನೆಲದಿಂದ ತುದಿಯವರೆಗೆ ಸುಮಾರು 25 ಮೀಟರ್ ಎತ್ತರ, ಹತ್ತು ಹನ್ನೆರಡು ಟನ್ ಭಾರದ ತೇರುಗಳು ಆ ಬೀದಿಯಲ್ಲಿ ಬರಬೇಕು. ಅದು ಗಿಯೋನ್ ಮತ್ಸುರಿ. ಜಪಾನಿನ ಹಳೆಯದನ್ನೂ ಹೊಸದನ್ನೂ ಒಂದೇ ಕಡೆ ಕಾಣಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಈ ಉತ್ಸವ ಹುಟ್ಟಿದ್ದು ರೋಗದ ಭಯದಿಂದ. 869ರಲ್ಲಿ ಪಿಡುಗು ಹಬ್ಬಿದಾಗ ಅರಮನೆಯ ಉದ್ಯಾನ ಶಿನ್‌ಸೆನ್‌ಎನ್‌ನಲ್ಲಿ, ದೇಶದ 66 ಪ್ರಾಂತ್ಯಗಳಿಗೆ ಒಂದೊಂದರಂತೆ 66 ಭರ್ಜಿಗಳನ್ನು ನೆಟ್ಟು ಶಾಂತಿ ಮಾಡಿದರಂತೆ. ಆಗ ಮೊರೆಹೋದದ್ದು ಗೋಜು ತೆನ್ನೊ ಎಂಬ ರೋಗದ ದೇವರಿಗೆ. ಶ್ರಾವಸ್ತಿಯ ಜೇತವನ ವಿಹಾರದ ಕಾವಲಿನವನು ಈತ ಎಂದು ಜಪಾನೀಯರ ನಂಬಿಕೆ. ಬುದ್ಧನ ನೆಲದ ನೆನಪು ಅಷ್ಟು ದೂರ ಹೋಗಿ ನೆಲೆ ನಿಂತಿತ್ತು. 1868ರಲ್ಲಿ ಮೇಜಿ ಸರ್ಕಾರ ಬೌದ್ಧವನ್ನೂ ಶಿಂತೊವನ್ನೂ ಬಲವಂತವಾಗಿ ಬೇರ್ಪಡಿಸಿದಾಗ ಈ ದೇವರ ಗುಡಿಗೆ ಯಾಸಾಕಾ ಎಂದು ಹೆಸರಾಯಿತು, ಒಳಗಿನ ದೇವರು ಸುಸಾನೊವೊ ಆದ. ಹೆಸರು ಬದಲಾಯಿತೇ ಹೊರತು ತೇರು ನಿಲ್ಲಲಿಲ್ಲ. ಅದಕ್ಕೆ ಕಾರಣವಿದೆ: ತೇರುಗಳು ಗುಡಿಯ ಆಸ್ತಿಯಲ್ಲ.

ಅವು ಕೇರಿಗಳ ಆಸ್ತಿ. ಒಂದು ಬೀದಿಯ ಎರಡೂ ಬದಿಯ ಮನೆಗಳು ಸೇರಿ ಒಂದು ‘ಚೊ’. ಒಂದೊಂದು ಚೊಗೆ ಒಂದೊಂದು ತೇರು. ಕಿಮೊನೊ ಬಟ್ಟೆ, ರೇಷ್ಮೆ, ಬಣ್ಣದ ವ್ಯಾಪಾರದಲ್ಲಿ ಬೆಳೆದ ಮನೆಗಳು ಇವು. 1467ರಲ್ಲಿ ಶುರುವಾದ ಓನಿನ್ ಯುದ್ಧ ಕ್ಯೋಟೊವನ್ನು ಸುಟ್ಟು ಹಾಕಿತು, ಉತ್ಸವ ನಿಂತಿತು. 1500ರಲ್ಲಿ ಅದನ್ನು ಮತ್ತೆ ಎಬ್ಬಿಸಿದವರು ಪೇಟೆಯ ಜನ. 1533ರಲ್ಲಿ ಗುಡಿಯ ಉತ್ಸವವನ್ನು ಅಧಿಕಾರದವರು ನಿಲ್ಲಿಸಿದಾಗ, ದೇವರ ಕಾರ್ಯ ನಡೆಯದಿದ್ದರೂ ಸರಿ, ನಮ್ಮ ತೇರುಗಳನ್ನು ಎಳೆಯಲು ಬಿಡಿ ಎಂದು ಕೇರಿಗಳ ಮುಖಂಡರು ಅಹವಾಲು ಸಲ್ಲಿಸಿದರು. ಇಡೀ ಉತ್ಸವದ ಗಟ್ಟಿತನ ಆ ಒಂದು ಅಹವಾಲಿನಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಇವತ್ತು ಮೆರವಣಿಗೆಯಲ್ಲಿ 34 ತೇರುಗಳಿವೆ. ಜುಲೈ 17ರಂದು 23, ಜುಲೈ 24ರಂದು 11. ಎತ್ತರದ ಕಂಬ ನೆಟ್ಟ ದೊಡ್ಡ ತೇರು ‘ಹೊಕೊ’; ಪುರಾಣದ ಪಾತ್ರಗಳ ಗೊಂಬೆ ಕೂರಿಸಿದವು ‘ಯಮಾ’, ಅವುಗಳಲ್ಲಿ ಹೆಚ್ಚಿನವಕ್ಕೆ ಪೈನ್ ಮರ ನೆಟ್ಟಿರುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂಬ ಜಗಳ ಬಾರದಂತೆ ಜುಲೈ 2ರಂದು ನಗರಸಭೆಯ ಸಭಾಂಗಣದಲ್ಲಿ ಚೀಟಿ ಎತ್ತುತ್ತಾರೆ. ಮೆರವಣಿಗೆಯ ದಿನ ಹಳೆಯ ಕಾಲದ ಉಡುಪು ತೊಟ್ಟ ಮೇಯರ್ ದಾರಿಯಲ್ಲಿ ಕೂತು, ಪ್ರತಿ ಕೇರಿಯ ಚೀಟಿಯನ್ನು ಪರಿಶೀಲಿಸುತ್ತಾರೆ. ಚೀಟಿ ತರುವವನು ಪೆಟ್ಟಿಗೆಯ ದಾರವನ್ನು ಕೈಯಿಂದ ಬಿಚ್ಚುವಂತಿಲ್ಲ, ಬೀಸಣಿಗೆಯ ತುದಿಯಿಂದಲೇ ಬಿಡಿಸಬೇಕು. ಎಡವಟ್ಟಾದರೆ ಸಾವಿರಾರು ಜನ ನೋಡುತ್ತಿರುತ್ತಾರೆ. ಎಷ್ಟೋ ಚಿಕ್ಕ ಹುಡುಗರು ಈ ಕೆಲಸಕ್ಕೆ ನಿಲ್ಲುತ್ತಾರೆ, ದಾರ ಸಲೀಸಾಗಿ ಬಿಚ್ಚಿಕೊಂಡಾಗ ಬೀದಿಯೆಲ್ಲ ಚಪ್ಪಾಳೆ.

ಕೆಲವು ತೇರುಗಳಿಗೆ ಚೀಟಿಯಿಲ್ಲ, ಜಾಗ ಗೊತ್ತುಮಾಡಿದ್ದೇ. ಎಲ್ಲಕ್ಕಿಂತ ಮುಂದೆ ನಗಿನಾತಾ ಹೊಕೊ. ಅದರಲ್ಲಿ ಮಾತ್ರ ಜೀವಂತ ಬಾಲಕ ಕೂರುತ್ತಾನೆ. ಉಳಿದ ಹೊಕೊಗಳಲ್ಲಿ ಅವನ ಜಾಗಕ್ಕೆ ಗೊಂಬೆ. ನೆಲ ಮುಟ್ಟಿಸದೆ ಅವನನ್ನು ಹೆಗಲ ಮೇಲೆ ಹೊತ್ತು ಏಣಿ ಹತ್ತಿಸುತ್ತಾರೆ. ಬೀದಿಗೆ ಅಡ್ಡಲಾಗಿ ಕಟ್ಟಿದ ಪವಿತ್ರ ಹಗ್ಗವನ್ನು ಅವನು ಕತ್ತಿಯಿಂದ ಕತ್ತರಿಸಿದ ಮೇಲೆಯೇ ಮೆರವಣಿಗೆ ಮುಂದಕ್ಕೆ.

ತೇರು ಕಟ್ಟುವುದನ್ನು ನೋಡದೆ ಕ್ಯೋಟೊ ಬಿಡಬಾರದು. ಜುಲೈ 10ರ ಹೊತ್ತಿಗೆ ಗೋದಾಮುಗಳಿಂದ ಮರದ ತೊಲೆಗಳು ಹೊರಬರುತ್ತವೆ. ಚೌಕಟ್ಟಿನ ಜೋಡಣೆಗೆ ಮೊಳೆ ಬಳಸುವುದಿಲ್ಲ. ಗಂಟುಗಳೆಲ್ಲ ಹುಲ್ಲಿನ ಹುರಿಯವು. ಹುರಿಯನ್ನು ಸುತ್ತಿ, ಸುತ್ತಿನ ಮೇಲೆ ಸುತ್ತು ಬಿಗಿದು, ಚಿಟ್ಟೆಯ ರೆಕ್ಕೆಯಂಥ ವಿನ್ಯಾಸ ಬರುವಂತೆ ಕಟ್ಟುತ್ತಾರೆ. ಅಂದಕ್ಕಾಗಿ ಮಾತ್ರವಲ್ಲ. ಹನ್ನೆರಡು ಟನ್ನಿನ ತೇರು ಉರುಳುವಾಗ ಮೊಳೆ ಹೊಡೆದ ಚೌಕಟ್ಟು ಸಡಿಲಾಗುತ್ತದೆ, ಇಲ್ಲವೇ ಸೀಳುತ್ತದೆ. ಹುರಿಯ ಗಂಟು ಅಲುಗಾಟವನ್ನು ತಾಳಿಕೊಂಡು ಬಾಗುತ್ತದೆ. ಚೌಕಟ್ಟು ಸಿದ್ಧವಾದ ಮೇಲೆ ಅದನ್ನು ಪಕ್ಕಕ್ಕೆ ಮಲಗಿಸಿ, ಉದ್ದದ ಕಂಬ ಸಿಕ್ಕಿಸಿ, ಹಗ್ಗ ಹಾಕಿ ನಿಧಾನವಾಗಿ ಎಬ್ಬಿಸಿ ನಿಲ್ಲಿಸುತ್ತಾರೆ. ಕಟ್ಟುವವರು, ಬಡಗಿಗಳು, ಚಕ್ರದವರು ಎಂದು ಮೂರು ಪಂಗಡ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕುವುದಿಲ್ಲ. ಹುರಿ ಬಿಗಿಯುವ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಹಿರಿಯನ ಪಕ್ಕ ವರ್ಷಾನುವರ್ಷ ನಿಂತವನಿಗೆ ಮಾತ್ರ ಅದು ಹತ್ತುತ್ತದೆ.

ಮೆರವಣಿಗೆಯ ದಿನ ಎಲ್ಲರೂ ಕಾದಿರುವುದು ತಿರುವಿಗೆ. ಸುಮಾರು ಆಳೆತ್ತರದ ಮರದ ಚಕ್ರಗಳಿವು, ಅಚ್ಚು ತಿರುಗುವುದಿಲ್ಲ, ಸ್ಟಿಯರಿಂಗ್ ಇಲ್ಲ. ನೇರ ದಾರಿಯಲ್ಲಿ ಅಲ್ಪಸ್ವಲ್ಪ ಅತ್ತಿತ್ತ ಆದರೆ, ನಮ್ಮ ಜಾತ್ರೆಗಳಲ್ಲಿ ತೇರಿನ ಗಾಲಿಗೆ ಮರದ ತುಂಡು ಕೊಟ್ಟು ದಾರಿಗೆ ತರುವವರಂತೆ ಇಲ್ಲಿಯೂ ಚಕ್ರದವರು ಓಡೋಡುತ್ತ ತುಂಡು ಕೊಡುತ್ತಾರೆ. ಆದರೆ ಶಿಜೋ ಮತ್ತು ಕಾವರಾಮಾಚಿ ಕೂಡುವಲ್ಲಿ ಪೂರಾ 90 ಡಿಗ್ರಿ ತಿರುಗಬೇಕು. ಅಲ್ಲಿ ಸೀಳಿದ ಬಿದಿರನ್ನು ಚಕ್ರಗಳ ಕೆಳಗೆ ಹಾಸಿ, ನೀರು ಸುರಿದು ಜಾರುವಂತೆ ಮಾಡುತ್ತಾರೆ. ಎಳೆಯುವವರು ಹಗ್ಗವನ್ನು ಪಕ್ಕಕ್ಕೆ ಹಿಡಿದು ನಿಲ್ಲುತ್ತಾರೆ. ಮುಂದೆ ಬೀಸಣಿಗೆ ಹಿಡಿದವರು ಕೂಗು ಕೊಡುತ್ತಾರೆ, ಒಂದೇ ಎಳೆತಕ್ಕೆ ಚಕ್ರಗಳು ಬಿದಿರಿನ ಮೇಲೆ ಅಡ್ಡ ಜಾರುತ್ತವೆ, ಮೇಲೆ ಕಂಬ ತೊನೆದಾಡುತ್ತದೆ. ಒಮ್ಮೆಗೆ ಆಗುವುದಿಲ್ಲ, ಮೂರು ನಾಲ್ಕು ಸಲ ಹಾಸಿ, ನೀರು ಹಾಕಿ, ಎಳೆಯಬೇಕು. ಮಾಳಿಗೆಯಲ್ಲಿ ಕೂತ ಮೇಳದವರು ಅಷ್ಟು ಹೊತ್ತೂ ಜಾಗಟೆ, ಡೋಲು, ಕೊಳಲು ನಿಲ್ಲಿಸುವುದಿಲ್ಲ. ವಾಪಸು ಬರುವ ದಾರಿಯಲ್ಲಿ ಶಿನ್‌ಮಾಚಿ ಎಂಬ ಕಿರಿದಾದ ಬೀದಿಯಿದೆ. ಅಲ್ಲಿ ತೇರಿನ ಚಾವಣಿಯ ಮೇಲೆ ನಿಂತ ಆಳುಗಳು ಕರೆಂಟು ಕಂಬಗಳನ್ನೂ ಮನೆಗಳ ಸೂರನ್ನೂ ಕಾಲಿನಿಂದ ಒದ್ದು ದೂರ ಇಡುತ್ತ ಬರುತ್ತಾರೆ.

ಈ ತೇರುಗಳನ್ನು ಚಲಿಸುವ ವಸ್ತುಸಂಗ್ರಹಾಲಯ ಎಂದು ಕರೆಯುವುದುಂಟು. ಅದು ಬಾಯುಪಚಾರದ ಮಾತಲ್ಲ. ನಿವಾತೊರಿ ಹೊಕೊದ ಹಿಂಬದಿಗೆ ತೂಗುಬಿಟ್ಟದ್ದು 16ನೇ ಶತಮಾನದ ಬೆಲ್ಜಿಯಂ ನೇಯ್ಗೆ, ಹೋಮರನ ಟ್ರಾಯ್ ಕಥೆಯ ಹೆಕ್ಟರ್ ಹೆಂಡತಿಗೆ ವಿದಾಯ ಹೇಳುವ ಚಿತ್ರ. ಕಾಂಕೊ ಹೊಕೊದ ಮುಂಭಾಗದಲ್ಲಿ ಬೈಬಲಿನ ರೆಬೆಕ್ಕಾ ನೀರು ಕೊಡುತ್ತಾಳೆ. ಕ್ರೈಸ್ತ ಧರ್ಮಕ್ಕೆ ಮರಣದಂಡನೆಯ ನಿಷೇಧವಿದ್ದ ಕಾಲದಲ್ಲಿಯೂ ವ್ಯಾಪಾರಿಗಳು ಆ ಬಟ್ಟೆಯನ್ನು ಬೀದಿಯಲ್ಲಿ ಮೆರೆಸಿದರು. ಅದು ಅವರಿಗೆ ದೂರದೇಶದ ಚೆಂದದ ನೇಯ್ಗೆ, ಅಷ್ಟೆ. ಇವುಗಳ ಜೊತೆ ಚೀನಾದ ಕಸೂತಿ, ಪರ್ಷಿಯಾದ ಜಮಖಾನೆ, ಕ್ಯೋಟೊದ್ದೇ ನಿಶಿಜಿನ್ ರೇಷ್ಮೆ.

ನಮಗೆ ಹೆಚ್ಚು ಬೇಕಾದದ್ದು ಇನ್ನೊಂದು. ಹಲವು ತೇರುಗಳ ಮೈಮೇಲೆ ಭಾರತದ ಜಮಖಾನೆಗಳಿವೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ನಾಗಸಾಕಿಗೆ ಬಂದು, ಅಲ್ಲಿಂದ ಕ್ಯೋಟೊ ವ್ಯಾಪಾರಿಗಳ ಕೈ ಸೇರಿದವು. ಇವುಗಳಲ್ಲಿ ಒಂದು ಬಗೆಯವನ್ನು ಜಮಖಾನೆ ತಜ್ಞರು ‘ಕ್ಯೋಟೊ ಗುಂಪು’ ಎಂದೇ ಕರೆಯುತ್ತಾರೆ, ಅವು 17–18ನೇ ಶತಮಾನದಲ್ಲಿ ದಖನ್ನಿನ ಮಗ್ಗಗಳಲ್ಲಿ ನೇಯ್ದವು ಎಂದು ಗುರುತಿಸಿದ್ದಾರೆ. ನಮ್ಮ ಉತ್ತರ ಕರ್ನಾಟಕವೂ ಸೇರಿದ ದಖನ್ನು ಅದು. ಇಲ್ಲಿ ನೇಯ್ದ ಆ ಬಗೆಯ ಜಮಖಾನೆಗಳು ಇಲ್ಲಿಯೇ ತುಳಿತಕ್ಕೆ, ಧೂಳಿಗೆ, ಹುಳುವಿಗೆ ಸಿಕ್ಕು ಬಹುಮಟ್ಟಿಗೆ ಅಳಿದುಹೋದವು. ಕ್ಯೋಟೊದಲ್ಲಿ ಅವನ್ನು ಯಾರೂ ನೆಲಕ್ಕೆ ಹಾಸಲಿಲ್ಲ. ವರ್ಷಕ್ಕೆ ಕೆಲವೇ ದಿನ ತೇರಿಗೆ ಹೊದಿಸಿ, ಮಿಕ್ಕ ದಿನವೆಲ್ಲ ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಬಣ್ಣ ಇನ್ನೂ ಹಾಗೇ ಇದೆ. ಹೆಸರು ಉಳಿಯದ ದಖನ್ನಿನ ನೇಕಾರರ ಕೆಲಸ ಇಷ್ಟು ಜತನವಾಗಿ ಇನ್ನೊಬ್ಬರ ಉತ್ಸವದಲ್ಲಿ ಬದುಕಿರುವುದಕ್ಕೆ ನಾವು ಆ ಕೇರಿಗಳಿಗೆ ಋಣಿಗಳಾಗಿರಬೇಕು. ಮೆರವಣಿಗೆಗೆ ಮುಂಚಿನ ಮೂರು ಸಂಜೆಗಳಲ್ಲಿ ಕೇರಿಗಳು ತಮ್ಮ ಬಟ್ಟೆಬರೆಗಳನ್ನು ತೆರೆದಿಡುತ್ತವೆ, ಕೆಲವು ಹಳೆಯ ಮನೆಗಳವರು ಮುಂಬಾಗಿಲು ತೆಗೆದು ಮನೆತನದ ಚಿತ್ರದ ಪರದೆಗಳನ್ನು ದಾರಿಹೋಕರಿಗೆ ಕಾಣುವಂತೆ ಇಡುತ್ತಾರೆ. ಹತ್ತಿರದಿಂದ ನೋಡಲು ಅದೇ ಸಮಯ.

ಆಧುನಿಕ ನಗರ ಇದಕ್ಕೆಲ್ಲ ಸುಮ್ಮನೆ ತಲೆಬಾಗಿತು ಎಂದಲ್ಲ. ಶಿಜೋದಲ್ಲಿ ಟ್ರಾಮ್ ಓಡಲು ಶುರುವಾದ ಮೇಲೆ ತಂತಿಯ ಪ್ರಶ್ನೆ ಇಲ್ಲಿಯೂ ಎದ್ದಿತು. ಕೇರಿಗಳು ಬಗ್ಗಲಿಲ್ಲ, ಉತ್ಸವಕ್ಕೆ ತಂತಿಯೇ ದಾರಿ ಬಿಡಬೇಕಾಯಿತು. ಈಗ ಮೆರವಣಿಗೆ ಸಾಗುವ ಒಯಿಕೆ ಎಂಬ ಅಗಲ ರಸ್ತೆ ಹುಟ್ಟಿದ್ದೇ ಯುದ್ಧಕಾಲದಲ್ಲಿ, ಬಾಂಬಿನ ಬೆಂಕಿ ಹರಡದಿರಲೆಂದು ಸಾಲುಮನೆಗಳನ್ನು ಕೆಡವಿದಾಗ. 1962ರಲ್ಲಿ ಶಿಜೋ ಕೆಳಗೆ ಹಾಂಕ್ಯು ರೈಲಿನ ಸುರಂಗ ತೋಡುತ್ತಿದ್ದರು, ಆ ವರ್ಷ ಮೆರವಣಿಗೆಯೇ ಇಲ್ಲ. 1966ರಲ್ಲಿ ಸಂಚಾರಕ್ಕೆ ಅಡ್ಡಿ, ಪ್ರವಾಸಿಗರಿಗೆ ಅನುಕೂಲ ಎಂಬ ಕಾರಣಗಳಿಗೆ 17 ಮತ್ತು 24ರ ಎರಡು ಮೆರವಣಿಗೆಗಳನ್ನು ಒಂದೇ ದಿನಕ್ಕೆ ಸೇರಿಸಿಬಿಟ್ಟರು. ಅದು ತಪ್ಪೆಂದು ಕೇರಿಗಳ ಹಿರಿಯರಿಗೆ ಗೊತ್ತಿತ್ತು. 17ರ ಸಂಜೆ ಯಾಸಾಕಾದಿಂದ ಮೂರು ಪಲ್ಲಕ್ಕಿಗಳಲ್ಲಿ ದೇವರು ಪೇಟೆಗೆ ಬರುತ್ತಾನೆ, 24ರಂದು ಗುಡಿಗೆ ಮರಳುತ್ತಾನೆ. ಎರಡು ಸಲವೂ ಅವನಿಗಿಂತ ಮೊದಲು ಬೀದಿ ಶುದ್ಧ ಮಾಡಲು ತೇರುಗಳು ಹೋಗಬೇಕು. ಹೆಚ್ಚಿನ ಪ್ರವಾಸಿಗರು ತೇರು ನೋಡಿ ಹೊರಟುಬಿಡುತ್ತಾರೆ, ಸಂಜೆಯ ಪಲ್ಲಕ್ಕಿಯೇ ಉತ್ಸವದ ಜೀವಾಳ ಎಂಬುದು ಅವರಿಗೆ ತಿಳಿಯುವುದೇ ಇಲ್ಲ. 2014ರಲ್ಲಿ ಎರಡೂ ಮೆರವಣಿಗೆಗಳು ಮತ್ತೆ ತಮ್ಮ ತಮ್ಮ ದಿನಕ್ಕೆ ಮರಳಿದವು.

ಅದೇ ವರ್ಷ ಓಫುನೆ ಹೊಕೊ ಎಂಬ ಹಡಗಿನಾಕಾರದ ತೇರೂ ಬೀದಿಗೆ ಬಂತು. 1864ರ ದಂಗೆಯ ಬೆಂಕಿಯಲ್ಲಿ ಸುಟ್ಟುಹೋಗಿದ್ದದ್ದು, 150 ವರ್ಷಗಳ ನಂತರ. ತಾಕಾಯಮಾ ಎಂಬ ತೇರಿನದು ಇನ್ನೂ ಹಳೆಯ ಕಥೆ. 1826ರ ಮೆರವಣಿಗೆಯಲ್ಲಿ ಮಳೆಗಾಳಿಗೆ ಸಿಕ್ಕು ಹಾಳಾಗಿ ಹಿಂದೆ ಸರಿಯಿತು, ಉಳಿದದ್ದೂ ಅದೇ ಬೆಂಕಿಗೆ ಆಹುತಿಯಾಯಿತು, ಗೊಂಬೆಗಳಷ್ಟೇ ಬದುಕಿದವು. ತೇರಿಲ್ಲದ ಕೇರಿಯವರು ಪ್ರತಿ ಜುಲೈಯಲ್ಲಿ ಆ ಗೊಂಬೆಗಳನ್ನೇ ಹೊರಗಿಟ್ಟು ಪೂಜಿಸುತ್ತ ಬಂದರು. 2022ರಲ್ಲಿ, 196 ವರ್ಷಗಳ ಮೇಲೆ, ತಾಕಾಯಮಾ ಮತ್ತೆ ಉರುಳಿತು. ಆ ವರ್ಷಕ್ಕೆ ಇನ್ನೊಂದು ಅರ್ಥವೂ ಇತ್ತು. ಪಿಡುಗು ಓಡಿಸಲು ಹುಟ್ಟಿದ ಮೆರವಣಿಗೆ 2020, 2021ರಲ್ಲಿ ಕೊರೊನಾದಿಂದಾಗಿ ನಡೆದಿರಲಿಲ್ಲ. ಹೋತೆಇ ಯಮಾ ಎಂಬ ಒಂದು ತೇರು ಇನ್ನೂ ಬಾಕಿ ಇದೆ. ಅದರ ಸರದಿಗೆ ಎಷ್ಟು ವರ್ಷ ಹಿಡಿದರೂ ಆ ಕೇರಿ ಕಾಯುತ್ತದೆ ಎಂದು ನಂಬಲು ಉಳಿದ ಕೇರಿಗಳೇ ಆಧಾರ.

ಕಷ್ಟಗಳು ಇಲ್ಲದಿಲ್ಲ. ನಡುಪೇಟೆಯಲ್ಲಿ ಮನೆ ಮಾಡಿಕೊಂಡಿರುವವರೇ ಕಡಿಮೆ. ಮರದ ಮನೆಗಳಿದ್ದಲ್ಲಿ ಕಚೇರಿಗಳು, ಅಪಾರ್ಟ್‌ಮೆಂಟುಗಳು. ಹೊಸದಾಗಿ ಫ್ಲ್ಯಾಟ್ ಕೊಂಡು ಬಂದವರನ್ನು ಸೇರಿಸಿಕೊಂಡು, ಅವರ ಮಕ್ಕಳಿಗೆ ಜಾಗಟೆ ಕಲಿಸಿ ಬದುಕಿದ ಕೇರಿಗಳಿವೆ. ಹಗ್ಗ ಎಳೆಯಲು ವಿದ್ಯಾರ್ಥಿಗಳೂ ಸ್ವಯಂಸೇವಕರೂ ಬರುತ್ತಾರೆ. ಹೆಣ್ಣುಮಕ್ಕಳಿಗೆ ಮೇಳದಲ್ಲಿ ಜಾಗ ಕೊಟ್ಟ ತೇರುಗಳಿವೆ. ಆದರೆ ನಗಿನಾತಾ ಹೊಕೊ ಇವತ್ತಿಗೂ ಅವರನ್ನು ಹತ್ತಿಸುವುದಿಲ್ಲ. ಇದು ಬದಲಾಗಲೇಬೇಕು, 1533ರಲ್ಲಿ ಆಳುವವರ ಎದುರು ನಿಂತ ಜನರ ಉತ್ಸವ ಅರ್ಧ ಊರನ್ನು ಕೆಳಗೇ ನಿಲ್ಲಿಸುವುದು ಸಲ್ಲದು. ನಗರಾಡಳಿತದ ಒಂದು ನಡೆಯನ್ನು ಮೆಚ್ಚಬೇಕು: 2007ರಲ್ಲಿ ನಡುಪೇಟೆಯ ಮುಖ್ಯ ರಸ್ತೆಗಳ ಬದಿಯ ಕಟ್ಟಡಗಳ ಎತ್ತರದ ಮಿತಿಯನ್ನು 45 ಮೀಟರ್‌ನಿಂದ 31ಕ್ಕೆ ಇಳಿಸಿದರು. 25 ಮೀಟರ್ ಎತ್ತರದ ತೇರು ಅಂಥ ಬೀದಿಯಲ್ಲಿ ಕುಬ್ಜವಾಗಿ ಕಾಣುವುದಿಲ್ಲ.

ಹೋಗುವವರಿಗೆ ಒಂದು ಮಾತು. ಮೆರವಣಿಗೆ ಮುಗಿದು ಕೇರಿಗೆ ಮರಳುತ್ತಲೇ ತೇರು ಬಿಚ್ಚಲು ಶುರುಮಾಡುತ್ತಾರೆ. ಬೀದಿಯ ರೋಗರುಜಿನವನ್ನೆಲ್ಲ ತೇರು ತನ್ನ ಮೈಮೇಲೆ ಸೆಳೆದುಕೊಂಡಿರುತ್ತದೆ, ಅದನ್ನು ಹಾಗೇ ನಿಲ್ಲಿಸಿಡಬಾರದು ಎಂಬ ನಂಬಿಕೆ. ಆದ್ದರಿಂದ ತಡವಾಗಿ ಹೋಗಿ ಪ್ರಯೋಜನವಿಲ್ಲ, ಮೊದಲೇ ಹೋಗಬೇಕು. ಒಯಿಕೆ ರಸ್ತೆಯ ದುಡ್ಡು ಕೊಡುವ ಕುರ್ಚಿಗಳ ಆಸೆ ಬಿಟ್ಟು ಜುಲೈ 12 ಅಥವಾ 13ರ ಮಧ್ಯಾಹ್ನ ಶಿಜೋ, ಮುರೊಮಾಚಿ, ಶಿನ್‌ಮಾಚಿ ಕಡೆ ನಡೆಯಿರಿ. ಆಗಷ್ಟೇ ಕಟ್ಟಿ ಮುಗಿಸಿದ ಹೊಕೊಗಳನ್ನು ಪರೀಕ್ಷೆಗೆಂದು ಸ್ವಲ್ಪ ದೂರ ಎಳೆದು ನೋಡುತ್ತಾರೆ. ಆ ದಿನ ಹಗ್ಗಕ್ಕೆ ಗಂಡು, ಹೆಣ್ಣು, ಮಗು, ಪರದೇಶಿ ಎಂಬ ಭೇದವಿಲ್ಲ. ಹೆಸರು ಬರೆಸಬೇಕಿಲ್ಲ, ಟಿಕೆಟ್ ಇಲ್ಲ. ಎಳೆದವರಿಗೆ ಆ ವರ್ಷ ರೋಗ ತಾಗುವುದಿಲ್ಲ ಎನ್ನುತ್ತಾರೆ. ಬಿಸಿಲು ಕಠಿಣ, ಸೆಕೆ ಇನ್ನೂ ಕಠಿಣ. ಟೋಪಿ, ನೀರು ಇಟ್ಟುಕೊಂಡು ಸ್ವಲ್ಪ ಮುಂಚೆಯೇ ಹೋಗಿ ಹಗ್ಗದ ಪಕ್ಕ ಜಾಗ ಹಿಡಿಯಿರಿ.