ಮುದಿ ನಾಯಿಯ ಹಿಂಗಾಲು ಏಕೆ ಸೋಲುತ್ತದೆ?

ನಾಯಿಯ ಆಯುಷ್ಯವು ಮನುಷ್ಯನ ಆಯುಷ್ಯಕ್ಕಿಂತ ಬಹಳ ಕಿರಿದು. ಮಗು ಹುಟ್ಟಿದ ವರ್ಷ ಮನೆಗೆ ಬಂದ ಮರಿಯು, ಆ ಮಗು ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತುವ ಹೊತ್ತಿಗೆ ಮುದಿಯಾಗಿರುತ್ತದೆ. ಮೂತಿಯ ಕೂದಲು ನರೆಯುತ್ತದೆ, ಕಣ್ಣು ಮಬ್ಬಾಗುತ್ತದೆ, ನಿದ್ರೆ ಹೆಚ್ಚುತ್ತದೆ. ಇವೆಲ್ಲ ಮುಪ್ಪಿನ ಸಹಜ ಚಿಹ್ನೆಗಳು. ಆದರೆ ಕೆಲವು ನಾಯಿಗಳಲ್ಲಿ ಇವುಗಳೊಡನೆ ಮತ್ತೊಂದು ಬದಲಾವಣೆಯೂ ತಲೆದೋರುತ್ತದೆ. ನಡೆಯುವಾಗ ಹಿಂಗಾಲಿನ ಉಗುರುಗಳು ನೆಲಕ್ಕೆ ಉಜ್ಜಿ ಸದ್ದಾಗುತ್ತದೆ. ತಿರುಗುವಾಗ ಸೊಂಟವು ಒಂದು ಪಕ್ಕಕ್ಕೆ ವಾಲುತ್ತದೆ. ಒಂದು ಹಿಂಗಾಲು ಇನ್ನೊಂದಕ್ಕೆ ತೊಡರುತ್ತದೆ. "ಪಾಪ, ವಯಸ್ಸಾಯಿತು" ಎಂದು ಮನೆಯವರು ಸುಮ್ಮನಾಗುತ್ತಾರೆ.

ಹೀಗೆ ಸುಮ್ಮನಾಗುವುದು ಸರಿಯಲ್ಲ. ಮುಪ್ಪು ಬೇರೆ, ಮುಪ್ಪಿನಲ್ಲಿ ಬರುವ ರೋಗ ಬೇರೆ. ಹಿಂಗಾಲು ಸೋಲುವುದಕ್ಕೆ ಹಲವು ಕಾರಣಗಳುಂಟು. ಅವುಗಳಲ್ಲಿ ಕೆಲವು ಚಿಕಿತ್ಸೆಯಿಂದ ಗುಣವಾಗತಕ್ಕವು. ಕೆಲವು ಗುಣವಾಗದಿದ್ದರೂ ಆರೈಕೆಯಿಂದ ಸಹ್ಯವಾಗತಕ್ಕವು. ಯಾವುದು ಯಾವುದೆಂದು ತಿಳಿಯದೆ ಇದ್ದರೆ ಎರಡು ಬಗೆಯ ಅನ್ಯಾಯವಾಗಬಹುದು. ಗುಣವಾಗುವ ರೋಗಕ್ಕೆ ಚಿಕಿತ್ಸೆ ತಪ್ಪಿಹೋಗಬಹುದು. ಇಲ್ಲವೆ ಇನ್ನೂ ಹಲವು ತಿಂಗಳು ಸುಖವಾಗಿ ಬಾಳಬಹುದಾದ ಪ್ರಾಣಿಯನ್ನು ನಾವು ಬೇಗನೆ ಕೈಬಿಡಬಹುದು. ಆದುದರಿಂದ ಈ ಕಾರಣಗಳಲ್ಲಿ ಮುಖ್ಯವಾದೊಂದನ್ನು ಇಲ್ಲಿ ವಿವರವಾಗಿ ನೋಡೋಣ. ಪಶುವೈದ್ಯರು ಅದನ್ನು 'ಡಿಜನರೇಟಿವ್ ಮೈಲೋಪತಿ' ಎಂದು ಕರೆಯುತ್ತಾರೆ. ಬೆನ್ನುಹುರಿಯ ಶಿಥಿಲ ರೋಗವೆಂದು ನಾವು ಕರೆಯಬಹುದು.

ಬೆನ್ನುಹುರಿಯ ಕೆಲಸ

ಬೆನ್ನುಮೂಳೆಯ ಒಳಗಿನ ಕೊಳವೆಯಲ್ಲಿ ಮಿದುಳಿನಿಂದ ಇಳಿದುಬರುವ ಬಿಳಿಯ ಹಗ್ಗದಂತಹ ಅಂಗವೇ ಬೆನ್ನುಹುರಿ. ಅದನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಒಳಗೆ ಬೂದುಬಣ್ಣದ ಭಾಗವೂ ಹೊರಗೆ ಬಿಳಿಯ ಭಾಗವೂ ಕಾಣುತ್ತವೆ. ಬೂದು ಭಾಗದಲ್ಲಿ ನರಕೋಶಗಳಿವೆ. ಬಿಳಿಯ ಭಾಗದಲ್ಲಿರುವುವು ಉದ್ದುದ್ದನೆಯ ನರತಂತುಗಳು. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ಈ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಹೊದಿಕೆ ಚೆನ್ನಾಗಿದ್ದರೆ ಸಂದೇಶಗಳು ವೇಗವಾಗಿ ಹರಿಯುತ್ತವೆ.

ಈ ಸಂದೇಶಗಳು ಎರಡು ಬಗೆಯವು. ಕೆಲವು ಮಿದುಳಿನಿಂದ ಕಾಲಿಗೆ ಇಳಿಯುವ ಆಜ್ಞೆಗಳು. ಉಳಿದವು ಕಾಲಿನಿಂದ ಮಿದುಳಿಗೆ ಏರುವ ವರದಿಗಳು. ನೀವು ಕಣ್ಣು ಮುಚ್ಚಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿರಿ. ನೋಡದೆ ಇದ್ದರೂ ಬೆರಳುಗಳು ಮಡಿಸಿವೆಯೋ ಚಾಚಿವೆಯೋ ನಿಮಗೆ ಗೊತ್ತಾಗುತ್ತದೆ. ಸ್ನಾಯು ಮತ್ತು ಕೀಲುಗಳಿಂದ ಬರುವ ಇಂತಹ ವರದಿಗಳೇ ಇದಕ್ಕೆ ಕಾರಣ. ನಡೆಯುವ ಪ್ರಾಣಿಗೆ ಕಾಲಿನ ಬಲ ಎಷ್ಟು ಅವಶ್ಯವೋ ಈ ಅರಿವೂ ಅಷ್ಟೇ ಅವಶ್ಯ.

ಶಿಥಿಲ ರೋಗದಲ್ಲಿ ಬಿಳಿಯ ಭಾಗದ ತಂತುಗಳೂ ಅವುಗಳ ಹೊದಿಕೆಯೂ ಕ್ರಮೇಣ ನಶಿಸುತ್ತವೆ. ಹಾನಿಯು ಸಾಮಾನ್ಯವಾಗಿ ಎದೆಯ ಭಾಗದ ಬೆನ್ನುಹುರಿಯಲ್ಲಿ ಆರಂಭವಾಗುತ್ತದೆ. ಮುಂಗಾಲಿಗೆ ಹೋಗುವ ನರಗಳು ಕುತ್ತಿಗೆಯ ಬುಡದಲ್ಲಿಯೇ ಕವಲೊಡೆದು ಹೋಗಿರುತ್ತವೆ. ಹಿಂಗಾಲಿನ ಸಂದೇಶಗಳು ಮಾತ್ರ ಎದೆಯ ಭಾಗವನ್ನು ದಾಟಿಯೇ ಸಾಗಬೇಕು. ಮೊದಲು ಹಿಂಗಾಲುಗಳು ಸೋತು, ಮುಂಗಾಲುಗಳು ಬಹುಕಾಲ ಗಟ್ಟಿಯಾಗಿಯೇ ಉಳಿಯುವುದು ಇದರಿಂದಲೇ.

ಗುರುತಿಸುವ ಬಗೆ

ಈ ರೋಗವು ಸಾಮಾನ್ಯವಾಗಿ 8 ವರ್ಷ ದಾಟಿದ ನಾಯಿಗಳಲ್ಲಿ ತೋರುತ್ತದೆ. ನಮ್ಮಲ್ಲಿ ಅಲ್ಸೇಷಿಯನ್ ಎಂದೂ ಪರಿಚಿತವಾದ ಜರ್ಮನ್ ಶೆಫರ್ಡ್, ಬಾಕ್ಸರ್, ಪೆಂಬ್ರೋಕ್ ವೆಲ್ಷ್ ಕಾರ್ಗಿ ಮೊದಲಾದ ತಳಿಗಳಲ್ಲಿ ಇದು ಹೆಚ್ಚು. ಆರಂಭದಲ್ಲಿ ಒಂದು ಹಿಂಗಾಲು ಇನ್ನೊಂದಕ್ಕಿಂತ ಹೆಚ್ಚು ಸೋತಂತೆ ಕಾಣಬಹುದು. ನಾಯಿಯು ಪಾದವನ್ನು ಪೂರ್ತಿ ಎತ್ತದೆ ಎಳೆಯುವುದರಿಂದ ನಡುಬೆರಳುಗಳ ಉಗುರು ಸವೆದು ಮೊಂಡಾಗುತ್ತದೆ.

ಪಶುವೈದ್ಯರು ಮಾಡುವ ಒಂದು ಸರಳ ಪರೀಕ್ಷೆ ಬಹಳ ಬೋಧಪ್ರದವಾದುದು. ನಿಂತಿರುವ ನಾಯಿಯ ಹೊಟ್ಟೆಗೆ ಕೈ ಆಸರೆ ಕೊಟ್ಟು, ಹಿಂಗಾಲಿನ ಪಾದವನ್ನು ಮೆಲ್ಲಗೆ ಮಗುಚಿ, ಪಾದದ ಮೇಲ್ಭಾಗವು ನೆಲಕ್ಕೆ ತಾಗುವಂತೆ ಇಡುತ್ತಾರೆ. ಆರೋಗ್ಯವಂತ ನಾಯಿಯು ತಟ್ಟನೆ ಪಾದವನ್ನು ಸರಿಮಾಡಿಕೊಳ್ಳುತ್ತದೆ. ಬೆನ್ನುಹುರಿಯ ವರದಿ ಮಿದುಳಿಗೆ ತಲುಪದ ನಾಯಿಯಾದರೋ ಪಾದವನ್ನು ಹಾಗೆಯೇ ಬಿಟ್ಟು ನಿಂತಿರುತ್ತದೆ. ತೊಂದರೆಯು ಬರಿಯ ಕೀಲಿನದಲ್ಲ, ನರಮಂಡಲದ್ದು ಎಂಬುದಕ್ಕೆ ಇದು ಸೂಚನೆ.

ಎಲ್ಲಕ್ಕಿಂತ ಮುಖ್ಯವಾದ ಲಕ್ಷಣವೆಂದರೆ ಈ ರೋಗದಲ್ಲಿ ನೋವಿಲ್ಲದಿರುವುದು. ಬೆನ್ನನ್ನು ಒತ್ತಿದರೆ ನಾಯಿ ಕುಯ್ಯೆನ್ನುವುದಿಲ್ಲ, ಊಟ ಬಿಡುವುದಿಲ್ಲ, ಯಜಮಾನನ ದನಿ ಕೇಳಿದರೆ ಎಂದಿನಂತೆ ಎದ್ದುಬರಲು ಯತ್ನಿಸುತ್ತದೆ. ಹಾನಿಯು ಒಮ್ಮೆಲೇ ಬರುವುದೂ ಇಲ್ಲ. ವಾರ ವಾರಕ್ಕೆ, ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಮುಂದುವರಿಯುತ್ತದೆ. ದೊಡ್ಡ ನಾಯಿಗಳು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಹಿಂಗಾಲಿನ ಮೇಲೆ ನಿಲ್ಲಲಾರದ ಸ್ಥಿತಿಗೆ ಬರುತ್ತವೆ. ಆಮೇಲೆ ಹಿಂಗಾಲಿನ ಮಾಂಸಖಂಡಗಳು ಕರಗುತ್ತವೆ. ಮಲಮೂತ್ರಗಳ ಹಿಡಿತ ತಪ್ಪುತ್ತದೆ. ಕೊನೆಗೆ ಮುಂಗಾಲುಗಳೂ ಸೋಲುತ್ತವೆ.

ಇದನ್ನೇ ಹೋಲುವ ಇತರ ರೋಗಗಳು

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಬಿಲ್ಲೆ ಜಾರಿ ಬೆನ್ನುಹುರಿಯನ್ನು ಒತ್ತಿದರೂ ಹಿಂಗಾಲು ಸೋಲುತ್ತದೆ. ಬಹುಮಟ್ಟಿಗೆ ಇಲ್ಲಿ ನೋವಿರುತ್ತದೆ. ಒಮ್ಮೊಮ್ಮೆ ಒಂದೇ ದಿನದಲ್ಲಿ ಕಾಲು ಬಿದ್ದುಹೋಗುತ್ತದೆ. ಹಾಗಾದಾಗ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಶಸ್ತ್ರಕ್ರಿಯೆಯಿಂದ ಮತ್ತೆ ನಡೆದಾಡಿದ ನಾಯಿಗಳು ಎಷ್ಟೋ ಇವೆ. ಸೊಂಟದ ಕೀಲು ಸವೆದ ನಾಯಿಯು ಏಳುವಾಗ ಬಿಗಿತದಿಂದ ನರಳುತ್ತದೆ, ಆದರೆ ಮಗುಚಿದ ಪಾದವನ್ನು ಸರಿಮಾಡಿಕೊಳ್ಳುತ್ತದೆ. ಬೆನ್ನಿನ ಗೆಡ್ಡೆ, ಸೊಂಟದ ಕೊನೆಯಲ್ಲಿ ನರಗಳು ಇರುಕಿಕೊಳ್ಳುವುದು ಇವೂ ಇದೇ ರೀತಿ ಕಾಣಬಹುದು. ಒಂದೇ ಮುದಿ ನಾಯಿಯಲ್ಲಿ ಎರಡು ತೊಂದರೆಗಳು ಒಟ್ಟಿಗೆ ಇರುವುದೂ ಉಂಟು.

ಎಕ್ಸ್-ರೇ ಚಿತ್ರದಲ್ಲಿ ಮೂಳೆ ಕಾಣುತ್ತದೆ, ಬೆನ್ನುಹುರಿ ಕಾಣುವುದಿಲ್ಲ. ಎಂ.ಆರ್.ಐ. ಯಂತ್ರದ ಚಿತ್ರದಿಂದಲೂ ಬೆನ್ನುಹುರಿಯ ಸುತ್ತಲಿನ ದ್ರವದ ಪರೀಕ್ಷೆಯಿಂದಲೂ ಇತರ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ, ಉಳಿದದ್ದು ಶಿಥಿಲ ರೋಗವೆಂದು ವೈದ್ಯರು ಊಹಿಸುತ್ತಾರೆ. ಪೂರ್ಣ ನಿಶ್ಚಯವು ನಾಯಿ ಸತ್ತ ಮೇಲೆ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ.

ರೋಗದ ಮೂಲ

1973ರಲ್ಲಿ ಅಮೆರಿಕದ ಪಶುವೈದ್ಯ ಆವೆರಿಲ್ ಎಂಬುವರು ಮುದಿ ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಕಂಡ ಈ ರೋಗವನ್ನು ವರ್ಣಿಸಿದರು. ಇದರ ಕಾರಣ ಮಾತ್ರ ಬಹುಕಾಲ ತಿಳಿಯಲಿಲ್ಲ. ಬೆಳಕು ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ, ಎಂದರೆ ಮಾನವ ವೈದ್ಯದಿಂದ.

ಮನುಷ್ಯರಲ್ಲಿ ಎ.ಎಲ್.ಎಸ್. ಎಂಬ ಘೋರವಾದ ನರರೋಗವೊಂದುಂಟು. ಪ್ರಸಿದ್ಧ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗರನ್ನು ಗಾಲಿಕುರ್ಚಿಗೆ ಕೂರಿಸಿದ್ದು ಈ ರೋಗವೇ. ಇದರ ವಂಶಪಾರಂಪರ್ಯವಾದ ಒಂದು ಬಗೆಗೆ 'ಎಸ್ಒಡಿ1' ಎಂಬ ಜೀನಿನ ದೋಷವು ಕಾರಣವೆಂದು 1993ರಲ್ಲಿ ತಿಳಿದುಬಂತು. ಜೀವಕೋಶಗಳಲ್ಲಿ ಹುಟ್ಟುವ ಸೂಪರಾಕ್ಸೈಡ್ ಎಂಬ ಹಾನಿಕರ ಪದಾರ್ಥವನ್ನು ನಿವಾರಿಸುವ ಕಿಣ್ವವನ್ನು ತಯಾರಿಸುವುದು ಈ ಜೀನಿನ ಕೆಲಸ. ಆ ಕಿಣ್ವದ ಈ ಕಾರ್ಯವನ್ನು 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು ಕಂಡುಹಿಡಿದಿದ್ದರು.

2009ರಲ್ಲಿ ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾನಿಲಯ ಮತ್ತು ಬ್ರಾಡ್ ಸಂಸ್ಥೆಯ ವಿಜ್ಞಾನಿಗಳು ರೋಗಿ ನಾಯಿಗಳಲ್ಲಿಯೂ ಇದೇ ಜೀನು ಕೆಟ್ಟಿರುವುದನ್ನು ತೋರಿಸಿದರು. ಜೀನಿನಲ್ಲಿ ಬದಲಾದದ್ದು ಒಂದೇ ಒಂದು ಅಕ್ಷರ. ಅದರ ಫಲವಾಗಿ ಪ್ರೋಟೀನಿನ ಸರಪಣಿಯಲ್ಲಿ 40ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಬಂದು ಸೇರುತ್ತದೆ. ಕೆಟ್ಟ ಪ್ರೋಟೀನು ಸರಿಯಾಗಿ ಮಡಿಸಿಕೊಳ್ಳದೆ ನರಕೋಶಗಳಲ್ಲಿ ಗಂಟುಗಂಟಾಗಿ ಶೇಖರವಾಗುತ್ತದೆ.

ಪ್ರತಿಯೊಂದು ನಾಯಿಗೂ ಈ ಜೀನಿನ ಎರಡು ಪ್ರತಿಗಳು, ತಂದೆಯಿಂದ ಒಂದು, ತಾಯಿಯಿಂದ ಒಂದು, ಬರುತ್ತವೆ. ಎರಡೂ ಕೆಟ್ಟಿದ್ದರೆ ಅಪಾಯ ಹೆಚ್ಚು. ಒಂದು ಮಾತ್ರ ಕೆಟ್ಟಿದ್ದರೆ ಅದು ವಾಹಕ. ಸಾಮಾನ್ಯವಾಗಿ ತಾನು ರೋಗಕ್ಕೆ ಈಡಾಗದಿದ್ದರೂ ದೋಷವನ್ನು ಮರಿಗಳಿಗೆ ದಾಟಿಸಬಹುದು. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಎರಡು ಪ್ರತಿಗಳೂ ಕೆಟ್ಟಿರುವ ನಾಯಿಗಳಿಗೆಲ್ಲ ರೋಗ ಬರುವುದಿಲ್ಲ. ಅನೇಕವು ಬೇರೆ ಕಾರಣದಿಂದ ಮುಪ್ಪಿನಲ್ಲಿ ಸಾಯುವವರೆಗೂ ಚೆನ್ನಾಗಿಯೇ ನಡೆಯುತ್ತವೆ. ಆದುದರಿಂದ ಜೀನಿನ ಪರೀಕ್ಷೆ ಅಪಾಯವನ್ನು ತಿಳಿಸುತ್ತದೆಯೇ ಹೊರತು ರೋಗವನ್ನು ನಿರ್ಣಯಿಸುವುದಿಲ್ಲ. ಪರೀಕ್ಷೆಯಲ್ಲಿ ದೋಷ ಕಂಡಿತೆಂದು, ಜಾರಿದ ಬಿಲ್ಲೆಯನ್ನು ಹುಡುಕದೆ ಬಿಡುವುದು ದೊಡ್ಡ ಪ್ರಮಾದ.

ತಳಿ ಬೆಳೆಸುವವರಿಗೆ ಈ ಪರೀಕ್ಷೆ ಬಹಳ ಉಪಯುಕ್ತ. ಮೆಂಡೆಲನ ನಿಯಮವನ್ನು ಓದಿರುವ ವಿದ್ಯಾರ್ಥಿಗಳು ಲೆಕ್ಕವನ್ನು ತಾವೇ ಮಾಡಬಹುದು. ಎರಡು ವಾಹಕಗಳು ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಎರಡು ಕೆಟ್ಟ ಪ್ರತಿಗಳು ಬರುತ್ತವೆ. ವಾಹಕವು ದೋಷರಹಿತ ನಾಯಿಯೊಡನೆ ಕೂಡಿದರೆ ಯಾವ ಮರಿಗೂ ಎರಡು ಕೆಟ್ಟ ಪ್ರತಿಗಳು ಬರುವಂತಿಲ್ಲ. ಹೀಗೆ, ಒಳ್ಳೆಯ ಗುಣಗಳುಳ್ಳ ವಾಹಕಗಳನ್ನೆಲ್ಲ ತೆಗೆದುಹಾಕದೆಯೇ ಕೆಲವು ತಲೆಮಾರುಗಳಲ್ಲಿ ರೋಗವನ್ನು ಕುಗ್ಗಿಸಬಹುದು.

ಆರೈಕೆ

ಈ ರೋಗವನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಸ್ಟೀರಾಯ್ಡುಗಳಿಂದಾಗಲಿ ವಿಟಮಿನ್ನುಗಳಿಂದಾಗಲಿ ರೋಗವು ನಿಂತುದಕ್ಕೆ ಆಧಾರವಿಲ್ಲ. ಆದರೆ ವ್ಯಾಯಾಮದ ವಿಷಯ ಬೇರೆ. ಸ್ವಿಜರ್ಲೆಂಡಿನ ಸಂಶೋಧಕರು ಈ ರೋಗವಿದೆಯೆಂದು ಶಂಕಿಸಲಾದ 22 ನಾಯಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಪ್ರತಿದಿನ ತೀವ್ರವಾದ ಅಂಗಸಾಧನೆ ದೊರೆತ ನಾಯಿಗಳು ಸರಾಸರಿ 255 ದಿನ ಬದುಕಿದವು; ಮಿತವಾಗಿ ದೊರೆತವು 130 ದಿನ; ಏನೂ ದೊರೆಯದವು 55 ದಿನ. ನಾಯಿಗಳ ಸಂಖ್ಯೆ ಚಿಕ್ಕದು. ಶ್ರದ್ಧೆಯಿಂದ ಸಾಧನೆ ಮಾಡಿಸಿದ ಯಜಮಾನರು ಬೇರೆ ಆರೈಕೆಯನ್ನೂ ಹೆಚ್ಚಾಗಿ ಮಾಡಿರಬಹುದು. ಆದುದರಿಂದ ಈ ಅಂಕಿಗಳನ್ನು ಕಡೆಯ ಮಾತೆಂದು ಭಾವಿಸಲಾಗದು. ಆದರೂ ನಾಯಿಯನ್ನು ಸುಮ್ಮನೆ ಮಲಗಿಸಿಬಿಡಬಾರದು ಎಂಬ ಸೂಚನೆ ಇಲ್ಲಿ ಸ್ಪಷ್ಟವಾಗಿದೆ.

ದಿನಕ್ಕೆ ಹಲವು ಸಲ, ಪ್ರತಿ ಸಲವೂ ಸ್ವಲ್ಪ ದೂರ, ನಿಧಾನವಾಗಿ ನಡೆಸಬೇಕು. ಮಲಗಿರುವಾಗ ಹಿಂಗಾಲಿನ ಒಂದೊಂದು ಕೀಲನ್ನೂ ಮೆಲ್ಲನೆ ಮಡಿಸಿ ಚಾಚಬೇಕು. ಆಸರೆ ಕೊಟ್ಟು ನೀರಿನಲ್ಲಿ ಈಜಿಸಿದರೆ ಮೈಭಾರ ಕಾಲಿನ ಮೇಲೆ ಬೀಳದೆಯೇ ವ್ಯಾಯಾಮವಾಗುತ್ತದೆ. ತೂಕ ಹೆಚ್ಚದಂತೆ ಆಹಾರ ಮಿತವಾಗಿರಲಿ. ನಯವಾದ ಗ್ರಾನೈಟು ಅಥವಾ ಟೈಲ್ಸಿನ ನೆಲ ಇಂತಹ ನಾಯಿಗೆ ಶತ್ರು. ಅದು ಓಡಾಡುವ ದಾರಿಯಲ್ಲಿ ತೆಂಗಿನ ನಾರಿನ ಚಾಪೆಯನ್ನೋ ಗೋಣಿತಾಟನ್ನೋ ಹಾಸಿದರೆ ಕಾಲು ಜಾರುವುದಿಲ್ಲ. ಎಳೆದು ಗಾಯವಾಗುವ ಪಾದಕ್ಕೆ ಚೀಲದಂತಹ ಪಾದರಕ್ಷೆ ತೊಡಿಸಬಹುದು. ನೋವಿನ ಅರಿವು ಕುಂದಿದ ಪಾದ ರಕ್ತ ಬರುವವರೆಗೆ ಉಜ್ಜಿದರೂ ನಾಯಿ ದೂರು ಹೇಳುವುದಿಲ್ಲ. ದಿನವೂ ನಾವೇ ನೋಡಬೇಕು.

ಕಾಲು ಇನ್ನಷ್ಟು ಸೋತಾಗ ಅಗಲವಾದ ಬಟ್ಟೆಯನ್ನು ಹೊಟ್ಟೆಯ ಕೆಳಗೆ ಹಾಯಿಸಿ ಹಿಂಭಾಗವನ್ನು ಎತ್ತಿ ಹಿಡಿದು ನಡೆಸಬಹುದು. ಹಿಂಭಾಗಕ್ಕೆ ಎರಡು ಗಾಲಿಗಳ ಬಂಡಿ ಕಟ್ಟಿದರೆ, ಗಟ್ಟಿಯಾದ ಮುಂಗಾಲುಗಳಿಂದಲೇ ನಾಯಿ ಬಂಡಿಯನ್ನು ಎಳೆದುಕೊಂಡು ಓಡಾಡುತ್ತದೆ. ಮಲಗಿಯೇ ಇರುವ ನಾಯಿಯ ಮಗ್ಗುಲನ್ನು ಕೆಲವು ಗಂಟೆಗಳಿಗೊಮ್ಮೆ ಬದಲಿಸಿ, ಹಾಸಿಗೆ ಒಣಗಿರುವಂತೆ ನೋಡಿಕೊಳ್ಳದಿದ್ದರೆ ಹುಣ್ಣಾಗುತ್ತದೆ. ಮೂತ್ರ ಸರಿಯಾಗಿ ಹೋಗದಿದ್ದರೆ ಮೂತ್ರಕೋಶದಲ್ಲಿ ಸೋಂಕು ಹುಟ್ಟುತ್ತದೆ. ಇದಕ್ಕೆ ವೈದ್ಯರ ಸಲಹೆ ಬೇಕು. ಮನುಷ್ಯರು ನುಂಗುವ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಅವುಗಳಲ್ಲಿ ಹಲವು ನಾಯಿಗೆ ವಿಷ.

ಒಂದು ದಿನ ಈ ಆರೈಕೆಯೂ ಸಾಲದಾಗುತ್ತದೆ. ಆಗ ದಯಾಮರಣದ ಪ್ರಶ್ನೆ ಏಳುತ್ತದೆ. ಹಿಂಗಾಲು ನಿಂತುಹೋದ ದಿನವೇ ಆ ದಿನವಲ್ಲ. ನೋವಿಲ್ಲದ ರೋಗದಲ್ಲಿ ಕಾಲಿನ ಬಲವೊಂದೇ ಬದುಕಿನ ಅಳತೆಯಾಗಲಾರದು. ನಾಯಿ ಆಸಕ್ತಿಯಿಂದ ತಿನ್ನುತ್ತಿದೆಯೆ, ಜನರನ್ನು ಕಂಡು ಹಿಗ್ಗುತ್ತಿದೆಯೆ, ಹುಣ್ಣು ಸೋಂಕುಗಳಿಲ್ಲದೆ ಶುಚಿಯಾಗಿದೆಯೆ ಎಂದು ನೋಡಬೇಕು. ಉಸಿರಾಟಕ್ಕೂ ನುಂಗುವುದಕ್ಕೂ ಕಷ್ಟವಾಗುವವರೆಗೆ ಕಾಯುವುದು ಕರುಣೆಯಲ್ಲ. ಮನೆಯವರೂ ವೈದ್ಯರೂ ಕೂಡಿ ಆಲೋಚಿಸಿ ತೀರ್ಮಾನಿಸಬೇಕಾದ ವಿಷಯವಿದು.

2023ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಟೋಫರ್ಸೆನ್ ಎಂಬ ಔಷಧಕ್ಕೆ ಮನ್ನಣೆ ದೊರೆಯಿತು. ಎಸ್ಒಡಿ1 ಜೀನಿನ ದೋಷದಿಂದ ಎ.ಎಲ್.ಎಸ್. ಬಂದ ಮನುಷ್ಯರಿಗಾಗಿ ಅದನ್ನು ರೂಪಿಸಿದ್ದಾರೆ; ಕೆಟ್ಟ ಪ್ರೋಟೀನಿನ ತಯಾರಿಕೆಯನ್ನೇ ಅದು ತಗ್ಗಿಸುತ್ತದೆ. ನಾಯಿಯ ರೋಗದ ಮೂಲವೂ ಅದೇ ಜೀನಾದುದರಿಂದ ಈ ಮಾರ್ಗ ಅದಕ್ಕೂ ಒಂದು ದಿನ ನೆರವಾಗಬಹುದೆಂಬ ಆಸೆ ಇದೆ. ಮನೆಗಳಲ್ಲಿ ನಮ್ಮೊಡನೆ ಬಾಳುತ್ತ ಸಹಜವಾಗಿಯೇ ಈ ರೋಗಕ್ಕೆ ತುತ್ತಾಗುವ ನಾಯಿಗಳನ್ನು ಅಭ್ಯಸಿಸುವುದರಿಂದ ಮಾನವ ರೋಗದ ತಿಳಿವೂ ಬೆಳೆಯುತ್ತಿದೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು, ಉಗುರು ಉಜ್ಜುವ ಸದ್ದು ಕೇಳಿದೊಡನೆ ಅದನ್ನು ಮುಪ್ಪೆಂದು ತಳ್ಳಿಹಾಕದೆ ನಾಯಿಯನ್ನು ವೈದ್ಯರಿಗೆ ತೋರಿಸುವುದು.